ಅಲಸಂದೆ ಕಾಳಿನ ಪಾಠ



ಮೊನ್ನೆ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟ ಅಲಸಂದೆ ಈ ಬೆಳಿಗ್ಗೆ ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಮೊಳಕೆಯೊಡೆದಿರಬಹುದು. ಸಾರಿಗೆ ಹಾಕುವ ಮುನ್ನ ನಾಲ್ಕು ಕಾಳು ಮಕ್ಕಳ ಕೈಗೆ ಕೊಡಿ.

ಎರಡು ಕರಟಕ್ಕೆ ಮಣ್ಣು ತುಂಬಿ, ಎರಡೆರಡು ಕಾಳು ಊರಲಿ. ಒಂದು ಕಿಟಕಿಯ ಬಳಿ, ಇನ್ನೊಂದು ಬೀರುವಿನ ಕತ್ತಲೆಯಲ್ಲಿ. ಎರಡಕ್ಕೂ ಅಷ್ಟಷ್ಟೇ ನೀರು. ದಿನಾ ಸ್ಕೇಲಿಟ್ಟು ಅಳೆದು ಬರೆದಿಡಲಿ. ಯಾವುದು ಉದ್ದ ಬೆಳೆದೀತು? ಬೆಳಕಿನದು ಎನ್ನುತ್ತಾರೆ ಮಕ್ಕಳು; ದೊಡ್ಡವರೂ ಅಷ್ಟೇ. ವಾರ ಕಳೆದು ನೋಡಿದರೆ ಕತ್ತಲೆಯದ್ದೇ ಉದ್ದ! ಆದರೆ ಬಿಳಿಚಿಕೊಂಡು, ಸೊರಗಿ, ನೆಟ್ಟಗೆ ನಿಲ್ಲಲಾರದ ಉದ್ದ. ಬೀಜದೊಳಗಿನ ಬುತ್ತಿಯನ್ನು ಬೆಳಕು ಹುಡುಕುವುದಕ್ಕೇ ಖರ್ಚು ಮಾಡಿದೆ. ಬೆಳವಣಿಗೆ ಎಂದರೆ ಬರೀ ಎತ್ತರವೇ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಮೇಷ್ಟ್ರು ಉತ್ತರವನ್ನು ಮೊದಲೇ ಬೋರ್ಡಿನ ಮೇಲೆ ಬರೆದುಬಿಟ್ಟರೆ ಪ್ರಯೋಗ ಕೆಟ್ಟಂತೆಯೇ. ನಾವು ಓದುವಾಗ ಆದದ್ದು ಬಹುಪಾಲು ಅದೇ.

ಇದೇ ಅಲಸಂದೆ ಬಾಹ್ಯಾಕಾಶಕ್ಕೂ ಹೋಗಿದೆ. 2024ರ ಡಿಸೆಂಬರ್ 30ರ ರಾತ್ರಿ ಶ್ರೀಹರಿಕೋಟಾದಿಂದ ಏರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನಲ್ಲಿ ಇಸ್ರೋ 8 ಕಾಳು ಕಳಿಸಿತ್ತು. ಮುಚ್ಚಿದ ಪೆಟ್ಟಿಗೆ, ಹದವಾದ ಬಿಸಿ, ನಿಗಾಕ್ಕೆ ಕ್ಯಾಮೆರಾ. ನಾಲ್ಕೇ ದಿನದಲ್ಲಿ ಮೊಳಕೆ, ಆಮೇಲೆ ಎಲೆಯೂ. ಮೇಲು-ಕೆಳಗು ಎಂಬುದೇ ಇಲ್ಲದ ಕಡೆ ಬೇರು ಎತ್ತ ಹೊರಡಬೇಕು? ಕರಟವನ್ನು ಅಡ್ಡ ಮಲಗಿಸಿ, ಬೇರು ಮತ್ತೆ ಕೆಳಕ್ಕೇ ಬಾಗಿದ್ದನ್ನು ಕಂಡ ಮಗು ಇದನ್ನು ಕೇಳಿಯೇ ಕೇಳುತ್ತದೆ.

ಇವತ್ತು ಆ ನಾಲ್ಕು ಕಾಳು ಎತ್ತಿಡುವುದನ್ನು ಮರೆಯಬೇಡಿ. ಜೊತೆಗೊಂದು ಸ್ಕೇಲೂ ಇರಲಿ.