ಕುಲಮಾತೆ ಅತ್ತಿಮಬ್ಬೆ



ಮನೆತನವನ್ನು ಬೆಳಗಿಸಿದ ಹಿರಿಯಮ್ಮನೆಂದರೆ ದಾನಚಿಂತಾಮಣಿ ಅತ್ತಿಮಬ್ಬೆ. ಚಾಲುಕ್ಯರ ದಂಡನಾಯಕನಾದ ಪತಿ ನಾಗದೇವನು ಅಗಲಿದಾಗ, ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯಾದರೋ ಎಳೆಯ ಮಗ ಅಣ್ಣಿಗದೇವನಿಗಾಗಿ ಬದುಕಿದಳು. ವ್ರತನಿಯಮಗಳಲ್ಲಿ ನಿಂತು ಸಂಸಾರವನ್ನು ನಡೆಸಿದಳು.

ತವರಿನವರ ಆಶ್ರಯದಲ್ಲಿ ಪೊನ್ನನು ರಚಿಸಿದ ಶಾಂತಿಪುರಾಣವು ಅಳಿಯಬಾರದೆಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಪ್ರತಿಯೊಂದು ಅಕ್ಷರವನ್ನೂ ಓಲೆಗರಿಯ ಮೇಲೆ ಕೈಯಿಂದಲೇ ಕೊರೆಯಬೇಕಿತ್ತು. ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದ್ದು ಆಕೆಯ ಆಶ್ರಯದಲ್ಲಿಯೇ. ಲಕ್ಕುಂಡಿಯಲ್ಲಿ ಆಕೆ ಬಸದಿ ಕಟ್ಟಿಸಿದುದನ್ನು 1007ರ ಶಾಸನವು ಸಾರುತ್ತದೆ.

ಮಂಗಳಕಾರ್ಯದಲ್ಲಿ ವಿಧವೆಯನ್ನು ಹಿಂದೆ ಸರಿಸುವ ಮನೆಗಳು ಇದನ್ನು ನೆನೆಯಲಿ. ಹಲಬರ್ಗಾದ ನಮ್ಮ ಮನೆಗಳಲ್ಲಿಯೂ ಅಂಥ ತಾಯಂದಿರ ಕೈಗೆ ಮೊದಲ ಕಲಶವು ದೊರೆಯಲಿ.

ಜೈ ಜಿನೇಂದ್ರ.