ಶಿಬಿರಕ್ಕೊಂದು ಚಾಕು



ಚಾರಣಕ್ಕೋ ಶಿಬಿರಕ್ಕೋ ಹೊರಡುವ ತರುಣರಿಗೆ ಚಾಕು ಎಂದೊಡನೆ ನೆನಪಾಗುವುದು ಸಿನಿಮಾದ ಚಾಕು. 1982ರಲ್ಲಿ ತೆರೆಕಂಡ ‘ಫಸ್ಟ್ ಬ್ಲಡ್’ ಚಿತ್ರದ ನಾಯಕ ರ‍್ಯಾಂಬೋ ಹಿಡಿದಿದ್ದ ಚಾಕುವಿನ ಬೆನ್ನಿಗೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ಸೂಜಿ-ದಾರ. ಅದರ ಅಗ್ಗದ ನಕಲುಗಳು ಇಂದಿಗೂ ಮಾರಾಟವಾಗುತ್ತವೆ. ಅಂಥದ್ದಕ್ಕೆ ಮರುಳಾಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಶಿಬಿರದಲ್ಲಿ ಚಾಕುವಿಗಿರುವ ಕೆಲಸವಾದರೂ ಏನು?

ಹಗ್ಗ ಕೊಯ್ಯುವುದು, ಈರುಳ್ಳಿ ಹೆಚ್ಚುವುದು, ಗುಡಾರದ ಗೂಟಕ್ಕೆ ಮೊನೆ ಮಾಡುವುದು, ಒಲೆ ಹೊತ್ತಿಸಲು ಒಣಕಟ್ಟಿಗೆಯಿಂದ ಸಿಬಿರು ತೆಗೆಯುವುದು. ಇಷ್ಟಕ್ಕೆ 10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಿಮ್ಮ ಅಂಗೈಯ ಅಗಲದಷ್ಟು ಅಲಗು ಸಾಕು. ಸ್ವೀಡನ್ನಿನ ಮೋರಾ ಚಾಕುಗಳಲ್ಲಿ ಬಹುಮಟ್ಟಿಗೆ ಇದೇ ಉದ್ದ. ಫಿನ್ಲೆಂಡಿನ ‘ಪೂಕ್ಕೊ’ ಚಾಕುವೂ ಹೀಗೆಯೇ. ಬೇಟೆ, ಮರಗೆಲಸಗಳನ್ನೇ ನಂಬಿದ್ದ ಚಳಿನಾಡಿನ ಜನ ಈ ಅಳತೆಗೆ ಬಂದು ನಿಂತಿದ್ದಾರೆ ಎಂಬುದನ್ನು ಗಮನಿಸಿ.

ದೊಡ್ಡ ಅಲಗು ಬೇಕಾಗುವುದು ಕಡಿಯಲು. ನಮ್ಮ ಮಲೆನಾಡಿನ ಕತ್ತಿಯನ್ನೇ ನೋಡಿ. ತುದಿ ಬಾಗಿದೆ, ಭಾರ ಮುಂದಕ್ಕಿದೆ. ಬೀಸಿದಾಗ ಅರ್ಧ ಕೆಲಸವನ್ನು ಆ ಭಾರವೇ ಮಾಡುತ್ತದೆ. ಅದೇ ಕತ್ತಿಯಿಂದ ಈರುಳ್ಳಿ ಹೆಚ್ಚಲು ಕುಳಿತರೆ ಕೈ ಸೋಲುತ್ತದೆ.

ಇನ್ನು ದಪ್ಪದ ಮಾತು. ಅಲಗಿನ ದಪ್ಪ ಎರಡು ಪಟ್ಟಾದರೆ, ಬಾಗದೆ ನಿಲ್ಲುವ ಅದರ ಬಿಗುವು ಎಂಟು ಪಟ್ಟಾಗುತ್ತದೆ. ಬಿಗುವು ದಪ್ಪದ ಘನಕ್ಕೆ ಅನುಗುಣವಾದದ್ದು. ಹಾಗೆಂದು ದಪ್ಪನೆಯದನ್ನೇ ಆರಿಸಿದರೆ ಅದು ಬೆಣೆಯಂತಾಗಿ, ಸೌತೆಕಾಯಿಯನ್ನು ಕೊಯ್ಯುವ ಬದಲು ಸೀಳುತ್ತದೆ. ಎರಡೂವರೆಯಿಂದ ಮೂರು ಮಿಲಿಮೀಟರ್ ಸಾಕೆಂಬುದು ನನ್ನ ಅಭಿಪ್ರಾಯ.

ಆದರೆ ಮುಖ್ಯವಾಗಿ ವಿಚಾರಿಸಬೇಕಾದ ಭಾಗ ಅನೇಕ ಚಾಕುಗಳಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಅಲಗಿನ ಲೋಹ ಹಿಡಿಯೊಳಗೆ ಬಾಲದಂತೆ ಮುಂದುವರಿದಿರುತ್ತದೆ. ನೀವು ಚಾಕುವನ್ನು ಒತ್ತಿ ತಿರುಚಿದಾಗ ಅಲಗು ಸನ್ನೆಕೋಲಿನಂತೆ ವರ್ತಿಸಿ, ಹಿಡಿ ಕೂಡುವಲ್ಲಿ ಹೆಚ್ಚಿನ ಒತ್ತಡ ಬೀಳುತ್ತದೆ. ಬಾಲ ಹಿಡಿಯ ಕೊನೆಯವರೆಗೂ ಹೋಗಿದ್ದರೆ ಉತ್ತಮ, ಮುಕ್ಕಾಲು ಭಾಗವಾದರೂ ನಡೆದೀತು. ಟೊಳ್ಳು ಹಿಡಿಯಲ್ಲಿ ಬಾಲಕ್ಕೆ ಜಾಗವೆಲ್ಲಿ? ಅಗ್ಗದ ನಕಲುಗಳು ಮುರಿಯುವುದು ಈ ಕೂಡುವಲ್ಲಿಯೇ, ಮುರಿದ ಅಲಗು ಯಾವ ಕಡೆ ಹಾರೀತೆಂದು ಹೇಳಲಾಗದು. ಬೆನ್ನಿನ ಗರಗಸವೂ ಬೇಡ. ಅದು ಹೆಬ್ಬೆರಳಿಟ್ಟು ಒತ್ತಬೇಕಾದ ಜಾಗ!

ಉಕ್ಕಿನಲ್ಲಿ ಎರಡು ಬಗೆ. ಕಾರ್ಬನ್ ಉಕ್ಕನ್ನು ಸಾಣೆ ಹಿಡಿಯುವುದು ಸುಲಭ, ಆದರೆ ಮಳೆಗಾಲದಲ್ಲಿ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುವುದರಿಂದ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ಕಾಪಾಡುತ್ತದೆ. ಮರೆವಿನವರಿಗೆ ಅದೇ ವಾಸಿ. ಹಿಡಿ ಬೆವರಿದ ಕೈಯಲ್ಲಿ ಜಾರಬಾರದು, ಒರೆ ತಲೆಕೆಳಗು ಮಾಡಿದರೂ ಚಾಕುವನ್ನು ಬಿಡಬಾರದು.

ಇಷ್ಟೆಲ್ಲ ಆರಿಸಿ ಕೊಂಡ ಮೇಲೂ ಅದನ್ನು ಎಲ್ಲೆಡೆ ಒಯ್ಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದೊಳಗೆ ಪೂರ್ವಾನುಮತಿಯಿಲ್ಲದೆ ಆಯುಧ ತರಕೂಡದು. ಆಯುಧದ ವ್ಯಾಖ್ಯೆಯಲ್ಲಿ ಚಾಕುವೂ ಸೇರಿದೆ. ಚಾರಣಿಗರ ಮೆಚ್ಚಿನ ಕುಮಾರ ಪರ್ವತವಿರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಹೊರಡುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಬೇಡವೆಂದರೆ ಚಾಕುವನ್ನು ಮನೆಯಲ್ಲೇ ಬಿಟ್ಟು ಹೋಗಿ.