ಕಣ್ಣು ಮಂಜಾಗುವಾಗ ಕೈ ಕಂಡ ಕುದುರೆಗಳು



ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: “ಇನ್ನು ನಮ್ಮದೇನಿದೆ? ಕಲಿಯುವ ಕಾಲ ಆಗಿಹೋಯಿತು.” ಕೆಲಸದಿಂದ ನಿವೃತ್ತರಾದವರೂ ಮಕ್ಕಳನ್ನು ದಡ ಸೇರಿಸಿದವರೂ ಹೀಗೆಂದು ಕೈಕಟ್ಟಿ ಕುಳಿತುಬಿಡುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಒಬ್ಬ ಕಲಾವಿದನ ಬಾಳಿನ ಬೆಳಕಿನಲ್ಲಿ ನಾವು ಪರೀಕ್ಷಿಸೋಣ.

ಎಡ್ಗರ್ ಡೆಗಾ 1834ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದನು. ಆತನು ಕಲಿತ ವಿದ್ಯೆ ಚಿತ್ರಕಲೆ. ಶಿಲ್ಪಿಯಾಗಿ ಆತನಿಗೆ ಶಿಕ್ಷಣವಿರಲಿಲ್ಲ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾದಾಗ ಆತನು ನಾಗರಿಕ ಪಡೆಯನ್ನು ಸೇರಿದನು. ಬಂದೂಕಿನ ಗುರಿ ಹಿಡಿಯುವಾಗ ತನ್ನ ದೃಷ್ಟಿಯಲ್ಲಿ ದೋಷವಿರುವುದು ಆತನಿಗೆ ತಿಳಿದುಬಂದಿತು. ಅಂದಿನಿಂದ ಕಣ್ಣಿನ ಚಿಂತೆ ಆತನನ್ನು ಬಿಡಲಿಲ್ಲ. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಭಯವುಂಟೇ? ಮೂವತ್ತೈದರ ಆಸುಪಾಸಿನಲ್ಲಿ ಮೇಣವನ್ನು ಹಿಡಿದಿದ್ದ ಆ ಕೈಗಳು, ಕಣ್ಣು ಮಂಜಾದಷ್ಟೂ ಅದನ್ನು ಗಟ್ಟಿಯಾಗಿ ನೆಚ್ಚಿಕೊಂಡವು. ಆ ಮೇಣದಲ್ಲಿ ಮೂಡಿದವುಗಳಲ್ಲಿ ಹದಿನೈದಕ್ಕೂ ಮಿಕ್ಕಿ ಕುದುರೆಗಳು: ನಿಂತವು, ನಡೆಯುವವು, ನಾಗಾಲೋಟ ಕಿತ್ತವು, ಬೆದರಿ ಮುಂಗಾಲೆತ್ತಿದವು.

ಈ ಪ್ರತಿಭೆ ಹಠಾತ್ತನೆ ಆಕಾಶದಿಂದ ಬಿದ್ದುದಲ್ಲ. 1861ರಲ್ಲಿ ಗೆಳೆಯನ ಮನೆಗೆಂದು ನಾರ್ಮಂಡಿಗೆ ಹೋದಾಗ ಆ ಕುದುರೆಗಳ ನಾಡು ಆತನ ಮನಸೆಳೆಯಿತು. ಮುಂದೆ ಪ್ಯಾರಿಸಿನ ಪಂದ್ಯದ ಮೈದಾನಗಳ ಕುದುರೆಗಳನ್ನೂ ಸವಾರರನ್ನೂ ಪದೇ ಪದೇ ಚಿತ್ರಿಸಿದನು. ಅಂದಿನ ಚಿತ್ರಕಾರರು ಓಡುವ ಕುದುರೆಯ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಬರೆಯುವುದು ವಾಡಿಕೆಯಾಗಿತ್ತು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತನು ತೆಗೆದ ಸಾಲು ಛಾಯಾಚಿತ್ರಗಳು ಬೇರೆಯೇ ಸತ್ಯವನ್ನು ತೋರಿದವು: ನಾಲ್ಕೂ ಗೊರಸುಗಳು ನೆಲ ಬಿಟ್ಟಾಗ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿರುತ್ತವೆ. ಖ್ಯಾತನಾಗಿದ್ದ ಡೆಗಾ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಯಂತೆ ಅಭ್ಯಾಸ ಮಾಡಿದನು. 1888ರಲ್ಲಿಯೂ, ತಾನಿನ್ನೂ ಸಾಕಷ್ಟು ಕುದುರೆಗಳನ್ನು ಮಾಡಿಲ್ಲವೆಂದು ಶಿಲ್ಪಿಮಿತ್ರನೊಬ್ಬನಿಗೆ ಬರೆದನು. ತಡವಾಗಿ ಕಾಣಿಸುವ ಪ್ರತಿಭೆಯ ಬೇರು ಅನೇಕ ವೇಳೆ ಬಹುಕಾಲದ ಪ್ರೀತಿಯ ನೋಟದಲ್ಲಿರುತ್ತದೆ. ಹೊಸದು ಕೇವಲ ಮಾಧ್ಯಮ.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಇದೆ. ಮೂರ್ತಿಯ ಮೇಣವನ್ನು ಒಳಗಿನಿಂದ ಹೊರುವುದು ತಂತಿಯ ಹಂದರ. ಡೆಗಾ ಆ ಹಂದರವನ್ನು ತನಗೆ ತೋಚಿದಂತೆ ಕಟ್ಟುತ್ತಿದ್ದನು. ಒಳಗೆ ಬಾಟಲಿಯ ಬಿರಡೆಗಳನ್ನು ಸಹ ತುಂಬುತ್ತಿದ್ದನು. ಅವನ್ನು ಇಂದು ಕ್ಷಕಿರಣಗಳಲ್ಲಿ ಕಾಣಬಹುದು. ಹಂದರ ಸಡಿಲವಾಗಿ ಎಷ್ಟೋ ಮೂರ್ತಿಗಳು ಕುಸಿದವು. ಬದುಕಿರುವಾಗ ಆತನು ಸಾರ್ವಜನಿಕರಿಗೆ ತೋರಿಸಿದ್ದು ಒಂದೇ ಒಂದು ಶಿಲ್ಪ, ಅದೂ 1881ರಲ್ಲಿ ಇಟ್ಟ ನರ್ತಕಿ ಬಾಲೆಯದು. ಕುದುರೆಗಳು ಕೋಣೆಯಲ್ಲೇ ಉಳಿದವು. 1917ರಲ್ಲಿ ಆತನು ತೀರಿಕೊಂಡಾಗ ಸುಮಾರು 150 ಮೂರ್ತಿಗಳು ಅಲ್ಲಿ ದೊರೆತವು. ಹಲವು ಒಡೆದು ಚೂರಾಗಿದ್ದವು. ಕಂಚಿನ ಎರಕಕ್ಕೆ ಒದಗಿದವು ಎಪ್ಪತ್ತಕ್ಕೂ ತುಸು ಹೆಚ್ಚು ಮಾತ್ರ. ಉಳಿದ ಮೂಲ ಮೇಣದ ಮೂರ್ತಿಗಳಲ್ಲಿ ಹಲವು ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿವೆ.

ಆದುದರಿಂದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಜೀವಮಾನವೆಲ್ಲ ಯಾವುದನ್ನು ಪ್ರೀತಿಯಿಂದ ನೋಡಿದ್ದೀರೋ ಅದನ್ನು ಈಗ ಕೈಯಿಂದ ಮುಟ್ಟಿ ನೋಡಿರಿ, ಆದರೆ ಬಲ್ಲವರ ಬಳಿ ಹಂದರ ಕಟ್ಟುವುದನ್ನೂ ಕಲಿಯಿರಿ. ಪ್ರಾಯದಲ್ಲಿ ಚಿಕ್ಕವರಿಂದ ಕಲಿಯಲು ನಾಚಿಕೆ ಬೇಡ. ಕಿರಿಯರಿಗೂ ಒಂದು ಮಾತು: ಅಜ್ಜನೋ ಅಜ್ಜಿಯೋ ಮಣ್ಣು ಕಲಸಲು ಕುಳಿತರೆ “ಈ ಪ್ರಾಯದಲ್ಲಿ ಇದೇಕೆ?” ಎನ್ನಬೇಡಿರಿ. ಕುಳಿತುಕೊಳ್ಳಲು ಬೆಳಕಿರುವ ಜಾಗ ಕೊಡಿರಿ. ಮಾಡಿದ್ದನ್ನು ಕೇಳಿ ಪಡೆದು, ಮನೆಯವರೆಲ್ಲ ಕಾಣುವಲ್ಲಿ ಇಡಿರಿ. ಕೋಣೆಯ ಮೂಲೆಯಲ್ಲಿ ಚೂರಾಗಿಹೋದ ಕುದುರೆಗಳನ್ನು ಯಾವ ಎರಕದವನೂ ಮರಳಿ ತರಲಾರನು.